ಎಣಿಸದೆ ಹಾಕಿದ ಸಹಿ

1989ರ ಏಪ್ರಿಲ್ 21, ಶುಕ್ರವಾರ. ರಮಜಾನ್ ತಿಂಗಳು. ಕುಂದಗೋಳ ತಾಲೂಕಿನ ನಮ್ಮ ಹಳ್ಳಿಯಲ್ಲಿ ಹೊತ್ತು ಮುಳುಗಿದರೂ ಎರೆಮಣ್ಣಿನ ಕಾವು ಇಳಿದಿರಲಿಲ್ಲ. ರೋಜಾ ಬಿಟ್ಟು ಮಗ್ರಿಬ್ ನಮಾಜು ಮುಗಿಸಿ ಬಂದ ಅಪ್ಪ ಪಡಸಾಲೆಯಲ್ಲಿ ಕುಳಿತಿದ್ದರು. ನಮ್ಮದು ನದಾಫರ ಮನೆ. ಅರಳೆ ಹಿಂಜಿ ಗಾದಿ ಹೊಲಿಯುವುದು ತಲೆತಲಾಂತರದ ಕಸುಬು. ಊರಲ್ಲಿ ಲಗ್ನಗಳ ಕಾಲವಾದ್ದರಿಂದ ಪಡಸಾಲೆಯ ತುಂಬ ಅರ್ಧ ಹೊಲಿದ ಗಾದಿಗಳಿದ್ದವು. ನಾವು ಆಗ ಪಿಯುಸಿ ಓದುತ್ತಿದ್ದೆವು. ಗೂಡಿನಲ್ಲಿಟ್ಟ ರೇಡಿಯೋದಲ್ಲಿ ವಾರ್ತೆ ಬಂತು. ಎಸ್.ಆರ್. ಬೊಮ್ಮಾಯಿಯವರ ಸರಕಾರ ವಜಾ ಆಗಿದೆ, ವಿಧಾನಸಭೆ ವಿಸರ್ಜನೆಯಾಗಿದೆ, ಕರ್ನಾಟಕದಲ್ಲಿ ರಾಷ್ಟ್ರಪತಿ ಆಳ್ವಿಕೆ ಜಾರಿಗೆ ಬಂದಿದೆ.

ಪಕ್ಕದ ಮನೆಯ ಗೌಡರು ವಾರ್ತೆ ಕೇಳಲೆಂದೇ ದಿನಾ ನಮ್ಮ ಕಟ್ಟೆಗೆ ಬರುತ್ತಿದ್ದರು. ಅವತ್ತು ಶಾಲೆಯ ಮಾಸ್ತರರೂ ಇದ್ದರು. "ನಮ್ಮ ವಕೀಲರನ್ನ ತೆಗದ್ರಂತಲ್ರೀ," ಎಂದು ಗೌಡರು ಮುಖ ಸಣ್ಣದು ಮಾಡಿದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಮಾಸ್ತರರ ಕಡೆ ತಿರುಗಿದರು.

"ಮಾಸ್ತರ, ಬೊಮ್ಮಾಯಿಯವರ ಹಿಂದ ಎಷ್ಟು ಮಂದಿ ಅದಾರ ಅನ್ನೋದು ದಿಲ್ಲಿಯೊಳಗ ಕುಂತ ರಾಷ್ಟ್ರಪತಿಗೆ ಹೆಂಗ ಗೊತ್ತಾತ್ರೀ?"

"ರಾಜ್ಯಪಾಲರು ಬರದು ಕಳಿಸ್ಯಾರ."

"ರಾಜ್ಯಪಾಲರಿಗೆ ಹೆಂಗ ಗೊತ್ತಾತು?"

"ಶಾಸಕರ ಪತ್ರ ಬಂದಿದ್ವಂತ."

"ಪತ್ರ ಬಂದ್ರ ಆತೇನ್ರೀ? ಎಲ್ಲಾರನ್ನೂ ಕರದು ಎಣಿಸಬೇಕಿತ್ತಲ್ಲ?"

ಮಾಸ್ತರರು ಉತ್ತರ ಕೊಡಲಿಲ್ಲ. ತೂಗದ ಅರಳೆಗೆ ಬೆಲೆ ಹೇಳಬಾರದು ಎಂಬುದು ಅಪ್ಪನ ವ್ಯಾಪಾರದ ನಿಯಮವಾಗಿತ್ತು. ಮೂಟೆ ನೋಡಿ ಇಷ್ಟೇ ಇರಬಹುದು ಎನ್ನುವವರನ್ನು ಅವರು ನಂಬುತ್ತಿರಲಿಲ್ಲ. ಅದೇ ಮಾತನ್ನು ಅವರು ಸರಕಾರಕ್ಕೂ ಹೇಳಿದ್ದರು, ಅಷ್ಟೆ. ಹದಿನೇಳರ ವಯಸ್ಸಿನ ನಮಗೆ ಅದು ಹಳ್ಳಿಯ ಮನುಷ್ಯನ ಮುಗ್ಧ ಪ್ರಶ್ನೆಯಂತೆ ಕಂಡಿತು. ದೇಶದ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಅದೇ ಪ್ರಶ್ನೆಗೆ ಅದೇ ಉತ್ತರ ಕೊಡಲು ಇನ್ನೂ ಐದು ವರ್ಷ ಬೇಕಾಗಿತ್ತು.

ಬೊಮ್ಮಾಯಿಯವರು ನಮ್ಮ ಭಾಗದವರು. ಆಗಿನ ಧಾರವಾಡ ಜಿಲ್ಲೆಯ ಶಿಗ್ಗಾವಿ ತಾಲೂಕಿನಲ್ಲಿ 1924ರಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ವಕೀಲಿ ಮಾಡಿ ಹೆಸರು ಗಳಿಸಿದವರು. ಎಂ.ಎನ್. ರಾಯ್ ಅವರ ವಿಚಾರಗಳನ್ನು ಮೆಚ್ಚಿದವರು. 1967ರಲ್ಲಿ ಪಕ್ಷೇತರರಾಗಿ ಗೆದ್ದದ್ದು ನಮ್ಮ ಕುಂದಗೋಳ ಕ್ಷೇತ್ರದಿಂದ. ಆಮೇಲೆ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರ ಅವರದಾಯಿತು. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟ ಮೇಲೆ ಮುಖ್ಯಮಂತ್ರಿಯಾದರು. ಎಂಟು ತಿಂಗಳು ಕಳೆಯುವಷ್ಟರಲ್ಲಿ ಆ ಏಪ್ರಿಲ್ ಬಂತು.

ನಡೆದದ್ದು ಇಷ್ಟು. ಏಪ್ರಿಲ್ 15ರಂದು ಹದಿಮೂರು ಮಂದಿಯನ್ನು ಸೇರಿಸಿ ಮಂತ್ರಿಮಂಡಲ ವಿಸ್ತರಣೆಯಾಯಿತು. ಎರಡು ದಿನಗಳಲ್ಲಿ ಆಳುವ ಪಕ್ಷದ ಶಾಸಕರೊಬ್ಬರು ಪಕ್ಷ ಬಿಟ್ಟು, ತಮ್ಮ ಪತ್ರದ ಜೊತೆಗೆ ಇನ್ನೂ 19 ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆನ್ನುವ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಗಿತ್ತರು. 19ರಂದು ರಾಜ್ಯಪಾಲರು ರಾಷ್ಟ್ರಪತಿಗೆ ವರದಿ ಕಳಿಸಿದರು. 20ರಂದು ಆ ಹತ್ತೊಂಬತ್ತರಲ್ಲಿ ಏಳು ಮಂದಿ, ತಪ್ಪು ತಿಳಿವಳಿಕೆ ಕೊಟ್ಟು ತಮ್ಮ ಸಹಿ ಪಡೆಯಲಾಗಿದೆ, ತಾವು ಸರಕಾರದ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ಅದೇ ದಿನ ಮುಖ್ಯಮಂತ್ರಿಗಳು ರಾಜ್ಯಪಾಲರನ್ನು ಕಂಡು, 27ಕ್ಕೆ ಅಧಿವೇಶನ ಕರೆದಿದ್ದೇವೆ, ಬೇಕಾದರೆ ಅದಕ್ಕೂ ಮೊದಲೇ ಸದನ ಸೇರಿಸಿ ಬಹುಮತ ತೋರಿಸುತ್ತೇವೆ ಎಂದರು. ರಾಜ್ಯಪಾಲರು ಮತ್ತೊಂದು ವರದಿ ಕಳಿಸಿದರು. 21ರಂದು ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರ ಸಹಿ ಬಿತ್ತು. ಸದನದಲ್ಲಿ ಯಾರೂ ಯಾರನ್ನೂ ಎಣಿಸಲಿಲ್ಲ.

ಆ ಸಹಿಗೆ ಬಲ ಕೊಟ್ಟದ್ದು ಸಂವಿಧಾನದ 356ನೇ ವಿಧಿ. ರಾಜ್ಯವೊಂದರಲ್ಲಿ ಸಂವಿಧಾನದ ಪ್ರಕಾರ ಆಡಳಿತ ನಡೆಸಲಾಗದ ಸ್ಥಿತಿ ಬಂದಿದೆ ಎಂದು ರಾಷ್ಟ್ರಪತಿಗೆ ಮನವರಿಕೆಯಾದರೆ ಅಲ್ಲಿನ ಆಡಳಿತವನ್ನು ಅವರು ತಮ್ಮ ಕೈಗೆ ತೆಗೆದುಕೊಳ್ಳಬಹುದು. ಆದರೆ ಆ 'ಮನವರಿಕೆ' ನಿಜವಾಗಿ ರಾಷ್ಟ್ರಪತಿಯದಲ್ಲ. 53ನೇ ವಿಧಿ ದೇಶದ ಕಾರ್ಯಾಂಗದ ಅಧಿಕಾರವನ್ನೆಲ್ಲ ರಾಷ್ಟ್ರಪತಿಯಲ್ಲಿ ಇಟ್ಟಿದೆ. 74ನೇ ವಿಧಿ ಅದನ್ನು ಪ್ರಧಾನಿ ಮತ್ತು ಮಂತ್ರಿಮಂಡಲದ ಸಲಹೆಯಂತೆ ಬಳಸಬೇಕೆನ್ನುತ್ತದೆ. ಮಾಸ್ತರರು ಇದನ್ನು ಬಿಡಿಸಿ ಹೇಳಿದಾಗ ಅಪ್ಪ ನಕ್ಕು, "ಹಂಗಾದ್ರ ಪೆನ್ನು ಒಬ್ಬರದು, ಕೈ ಇನ್ನೊಬ್ಬರದು," ಎಂದರು. ಸಂವಿಧಾನ ಸಭೆಯಲ್ಲಿ ಈ ವಿಧಿಗೆ ವಿರೋಧ ಬಂದಾಗ ಡಾ. ಅಂಬೇಡ್ಕರ್ ಅವರು ಇದು ಬಳಕೆಗೆ ಬಾರದೆ ಉಳಿಯಲಿ ಎಂದು ಆಶಿಸಿದ್ದರು. ಅದು ಹಾಗೆ ಉಳಿಯಲಿಲ್ಲ. ನಮ್ಮ ರಾಜ್ಯವೊಂದೇ 1971ರಿಂದ 2007ರವರೆಗೆ ಆರು ಬಾರಿ ರಾಷ್ಟ್ರಪತಿ ಆಳ್ವಿಕೆ ಕಂಡಿತು.

ಈಗ ನಮ್ಮದೇ ಒಂದು ತಪ್ಪನ್ನು ಓದುಗರ ಮುಂದಿಡಬೇಕಾಗಿದೆ. ಅದನ್ನು ಬಿಟ್ಟು ಮುಂದಿನ ಮಾತು ಹೇಳಿದರೆ ಅದು ಪೂರ್ತಿಯಾಗದು.

2004ರ ಹೊತ್ತಿಗೆ ನಾವು ಊರಲ್ಲೇ ನೆಲೆಸಿ ಮಸೀದಿ ಕಮಿಟಿಯ ಅಧ್ಯಕ್ಷರಾಗಿದ್ದೆವು. ಮಸೀದಿಗೆ ಹೊಂದಿಕೊಂಡು ಮೂರು ಅಂಗಡಿಗಳಿದ್ದವು. ಒಂದರಲ್ಲಿ ಸೈಕಲ್ ರಿಪೇರಿ ಮಾಡುವವನಿದ್ದ. ಎಂಟು ತಿಂಗಳ ಬಾಡಿಗೆ ಬಾಕಿ ಉಳಿಸಿದ್ದ. ಕೇಳಿದಾಗಲೆಲ್ಲ 'ಬರೋ ತಿಂಗಳ' ಎನ್ನುತ್ತಿದ್ದ. ಒಂದು ದಿನ ನಾವು ಸಿಟ್ಟಿನಲ್ಲಿ ಕಮಿಟಿಯ ಹಾಳೆಯ ಮೇಲೆ ಅಂಗಡಿ ತೆರವು ಮಾಡಲು ಆದೇಶ ಬರೆದು, ಸಹಿ ಮಾಡಿ, ಶಿಕ್ಕಾ ಹೊಡೆದು, ಕೀಲಿ ಹಾಕಿಸಿಬಿಟ್ಟೆವು. ಸಭೆ ಕರೆಯಲಿಲ್ಲ. ಎಲ್ಲರೂ ನಮ್ಮ ಜೊತೆಗೇ ಇರುತ್ತಾರೆ, ಕೇಳುವುದೇನಿದೆ ಎಂದುಕೊಂಡಿದ್ದೆವು.

ಸಂಜೆ ಅಪ್ಪ ಕರೆದರು. ಆಗ ಅವರ ಕಣ್ಣು ಮಂಜಾಗಿ ಗಾದಿ ಹೊಲಿಯುವುದನ್ನು ಬಿಟ್ಟಿದ್ದರು.

"ಯಾರನ್ನ ಕೇಳಿ ಕೀಲಿ ಹಾಕಿಸಿದಿ?"

"ಅಧ್ಯಕ್ಷ ಹಂಗ ಮಾಡಬಾರದು ಅಂತ ನಿಯಮದ ಪುಸ್ತಕದಾಗ ಎಲ್ಲೂ ಬರದಿಲ್ಲಪ್ಪಾ."

"ಮಾಡಬಹುದು ಅಂತ ಎಲ್ಲಿ ಬರದೈತಿ, ಅದನ್ನ ತೋರಿಸು."

ತೋರಿಸಲು ಏನೂ ಇರಲಿಲ್ಲ. ಮರುದಿನವೇ ಸಭೆ ಕರೆದೆವು. ಹನ್ನೊಂದು ಸದಸ್ಯರಲ್ಲಿ ಒಂಬತ್ತು ಮಂದಿ ಬಂದರು. ಕೈ ಎತ್ತಿಸಿ ಎಣಿಸಿದಾಗ ನಮ್ಮ ಆದೇಶದ ಪರ ಮೂರು ಕೈ ಇದ್ದವು. ಅದರಲ್ಲಿ ಒಂದು ನಮ್ಮದೇ. ಎಲ್ಲರೂ ನಮ್ಮ ಹಿಂದಿದ್ದಾರೆ ಎಂದು ನಂಬಿದ್ದೆವಲ್ಲ, ಆ ನಂಬಿಕೆ ಸುಳ್ಳಾಗಿತ್ತು ಎನ್ನುವುದು ಕೀಲಿ ತೆಗೆಸಿದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು. ಬಾಕಿಯನ್ನು ಕಂತಿನಲ್ಲಿ ಕೊಡುವುದೆಂದು ಸಭೆ ತೀರ್ಮಾನಿಸಿತು. ಅದು ತೀರಲು ಒಂದೂವರೆ ವರ್ಷ ಹಿಡಿಯಿತು. ಅಷ್ಟೂ ದಿನ ಆತ ನಮ್ಮ ಸಲಾಮಿಗೆ ತಲೆ ತಗ್ಗಿಸಿಯೇ ಉತ್ತರಿಸುತ್ತಿದ್ದ. ಬೀದಿಯ ಮಂದಿಯ ಎದುರು ಬಿದ್ದ ಕೀಲಿಯ ಅವಮಾನ ಕಂತಿನಲ್ಲಿ ತೀರುವಂಥದ್ದಾಗಿರಲಿಲ್ಲ.

ಅಪ್ಪನಿಗೂ ನಮಗೂ ನಡೆದ ಆ ಎರಡು ಮಾತಿನ ವಾದ ಅಮೆರಿಕದಲ್ಲಿ ನೂರು ವರ್ಷಗಳಿಂದ ನಡೆದುಕೊಂಡು ಬಂದಿದೆ ಎಂಬುದು ನಮಗೆ ಗೊತ್ತಾದದ್ದು 2017ರ ಜನವರಿಯಲ್ಲಿ. ಅಕ್ಕನ ಮಗ ಆಗ ಟೆಕ್ಸಾಸ್‌ನಲ್ಲಿ ಓದುತ್ತಿದ್ದ. ಜನವರಿ 27ರಂದು ಹೊಸ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು, ಮುಸ್ಲಿಮರು ಬಹುಸಂಖ್ಯಾತರಾಗಿರುವ ಏಳು ದೇಶಗಳ ಜನರು ಅಮೆರಿಕ ಪ್ರವೇಶಿಸದಂತೆ ಆದೇಶಕ್ಕೆ ಸಹಿ ಹಾಕಿದರು. ಭಾರತ ಆ ಪಟ್ಟಿಯಲ್ಲಿರಲಿಲ್ಲ. ಆದರೂ ಹುಡುಗ ಹೆದರಿ ಫೋನ್ ಮಾಡಿದ. "ಮಾಮಾ, ರಜಾಕ್ಕ ಊರಿಗೆ ಬಂದ್ರ ತಿರುಗಿ ಒಳಗ ಬಿಡ್ತಾರೋ ಇಲ್ಲೋ? ಒಬ್ಬ ಮನಷ್ಯಾನ ಸಹಿಗೆ ಇಷ್ಟು ಬಲ ಎಲ್ಲಿಂದ ಬಂತು?" ಅವನಿಗೆ ಉತ್ತರ ಹೇಳಲೆಂದು ನಾವು ಓದಲು ಕುಳಿತೆವು.

ಅಮೆರಿಕದ ಸಂವಿಧಾನದ ಎರಡನೇ ವಿಧಿ ಕಾರ್ಯಾಂಗದ ಅಧಿಕಾರ ಅಧ್ಯಕ್ಷನದು ಎಂದು ಒಂದೇ ವಾಕ್ಯದಲ್ಲಿ ಹೇಳುತ್ತದೆ. ಸೇನೆಯ ದಂಡನಾಯಕತ್ವ, ಕ್ಷಮಾದಾನ, ನೇಮಕಾತಿ, ಒಪ್ಪಂದ ಎಂದು ಕೆಲವನ್ನು ಎಣಿಸುತ್ತದೆ. ಎಣಿಸದೆ ಬಿಟ್ಟದ್ದು ಯಾರದು? ಜಗಳವೆಲ್ಲ ಇಲ್ಲಿಯೇ. 1901ರಿಂದ 1909ರವರೆಗೆ ಅಧ್ಯಕ್ಷರಾಗಿದ್ದ ಥಿಯೋಡೋರ್ ರೂಸ್‌ವೆಲ್ಟ್ ಅವರು ತಮ್ಮ ಆತ್ಮಕಥೆಯಲ್ಲಿ, ಅಧ್ಯಕ್ಷನು ಜನರ ಮೇಲ್ವಿಚಾರಕ. ಸಂವಿಧಾನವಾಗಲಿ ಕಾನೂನಾಗಲಿ ಸ್ಪಷ್ಟವಾಗಿ ಬೇಡವೆನ್ನದ ಯಾವುದನ್ನೂ ದೇಶದ ಹಿತಕ್ಕಾಗಿ ಆತ ಮಾಡಬಹುದು ಎಂದು ವಾದಿಸಿದರು. ಅವರ ನಂತರ ಅಧ್ಯಕ್ಷರಾದ, ಅವರ ಗೆಳೆಯರೇ ಆಗಿದ್ದ ವಿಲಿಯಂ ಟಾಫ್ಟ್ ಅದನ್ನು ಒಪ್ಪಲಿಲ್ಲ. ಅಧ್ಯಕ್ಷ ಬಳಸುವ ಪ್ರತಿಯೊಂದು ಅಧಿಕಾರಕ್ಕೂ ಸಂವಿಧಾನದಲ್ಲೋ ಕಾನೂನಿನಲ್ಲೋ ಮೂಲ ತೋರಿಸಬೇಕು ಎಂದರು. ಮುಂದೆ ಅವರು ಅದೇ ದೇಶದ ಮುಖ್ಯ ನ್ಯಾಯಮೂರ್ತಿಯೂ ಆದರು. ಇದನ್ನು ಓದಿದಾಗ ನಮಗೆ ನಗು ಬಂತು, ನಾಚಿಕೆಯೂ ಆಯಿತು. ಸೈಕಲ್ ಅಂಗಡಿಗೆ ಕೀಲಿ ಹಾಕಿಸಿದ ದಿನ ನಾವು ರೂಸ್‌ವೆಲ್ಟ್ ಆಗಿದ್ದೆವು. ಓದು ಬಾರದ ಅಪ್ಪ ಟಾಫ್ಟ್ ಆಗಿದ್ದರು.

ಮೂರನೆಯ ಒಂದು ವಾದವೂ ಇದೆ. ಮನೆಗೆ ಬೆಂಕಿ ಬಿದ್ದಾಗ ನಿಯಮದ ಪುಸ್ತಕ ತೆರೆಯಲಾಗದು ಎನ್ನುವ ವಾದ ಅದು. 1861ರಲ್ಲಿ ಅಂತರ್ಯುದ್ಧ ಹೊತ್ತಿದಾಗ ಅಬ್ರಹಾಂ ಲಿಂಕನ್ ಅವರು, ಬಂಧಿತರನ್ನು ಕೋರ್ಟಿನ ಮುಂದೆ ತರಬೇಕೆಂಬ ಹಕ್ಕನ್ನು ಸಂಸತ್ತನ್ನು ಕೇಳದೆಯೇ ಅಮಾನತು ಮಾಡಿದರು. ಆಮೇಲೆ ಸಂಸತ್ತಿನ ಮುಂದೆ ಬಂದು ತಾವು ಮಾಡಿದ್ದಕ್ಕೆ ಲೆಕ್ಕ ಕೊಟ್ಟರು. ಆದರೆ ಬೆಂಕಿ ಬಿದ್ದಿದೆಯೋ ಇಲ್ಲವೋ ಎಂದು ಹೇಳುವವನೂ, ಬಾಗಿಲು ಒಡೆಯುವವನೂ ಒಬ್ಬನೇ ಆದರೆ ಹೇಗೆ? 1942ರಲ್ಲಿ ಇನ್ನೊಬ್ಬ ರೂಸ್‌ವೆಲ್ಟ್, ಫ್ರಾಂಕ್ಲಿನ್ ರೂಸ್‌ವೆಲ್ಟ್, ಯುದ್ಧದ ಹೆಸರಿನಲ್ಲಿ ಹಾಕಿದ ಒಂದು ಸಹಿಯಿಂದ ಜಪಾನಿ ಮೂಲದ ಸುಮಾರು 1,20,000 ಜನ ಮನೆಮಾರು ಬಿಟ್ಟು ಶಿಬಿರ ಸೇರಿದರು. ಅವರಲ್ಲಿ ಹೆಚ್ಚಿನವರು ಅಮೆರಿಕದ ನಾಗರಿಕರೇ ಆಗಿದ್ದರು. 1944ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ಸರಿ ಎಂದೇ ಹೇಳಿತು.

ಎಂಟು ವರ್ಷಗಳ ನಂತರ ಅದೇ ಕೋರ್ಟು ಬೇರೆ ದಾರಿ ಹಿಡಿಯಿತು. 1952ರಲ್ಲಿ ಕೊರಿಯಾ ಯುದ್ಧ ನಡೆದಿತ್ತು. ಉಕ್ಕಿನ ಕಾರ್ಮಿಕರ ಮುಷ್ಕರ ತಪ್ಪಿಸಲು ಅಧ್ಯಕ್ಷ ಟ್ರೂಮನ್ ಅವರು ಉಕ್ಕಿನ ಕಾರ್ಖಾನೆಗಳನ್ನೇ ಸರಕಾರದ ವಶಕ್ಕೆ ತೆಗೆದುಕೊಂಡರು. ಎರಡು ತಿಂಗಳೊಳಗೆ ಕೋರ್ಟು ಆರು ಮೂರರ ತೀರ್ಪಿನಿಂದ ಆ ಆದೇಶ ಅಸಿಂಧು ಎಂದಿತು. ಆಗ ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಒಂದು ಅಳತೆಗೋಲು ಕೊಟ್ಟರು. ಸಂಸತ್ತು ಒಪ್ಪಿದ್ದನ್ನು ಮಾಡುವಾಗ ಅಧ್ಯಕ್ಷನ ಬಲ ಅತಿ ಹೆಚ್ಚು. ಸಂಸತ್ತು ಮೌನವಾಗಿದ್ದಾಗ ಅದು ಮಬ್ಬುಗತ್ತಲು. ಸಂಸತ್ತಿನ ಇಚ್ಛೆಗೆ ವಿರುದ್ಧ ಹೋದಾಗ ಅವನ ಬಲ ಅತಿ ಕಡಿಮೆ. ಅಂದರೆ ಸಹಿ ಹಾಕುವವನ ಕೈ ಒಂದೇ ಆಗಿದ್ದರೂ ಹಿಂದೆ ನಿಂತವರು ಯಾರು ಎಂಬುದರ ಮೇಲೆ ಅದರ ತೂಕ ಬದಲಾಗುತ್ತದೆ.

ರಿಚರ್ಡ್ ನ್ಯೂಸ್ಟಾಟ್ ಎಂಬ ವಿದ್ವಾಂಸರು 1960ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಧ್ಯಕ್ಷನ ನಿಜವಾದ ಬಲ ಅಪ್ಪಣೆ ಕೊಡುವುದರಲ್ಲಿಲ್ಲ, ಒಪ್ಪಿಸುವುದರಲ್ಲಿದೆ ಎಂದರು. ಇದನ್ನು ತಿಳಿಯಲು ನಮ್ಮ ಜಿಲ್ಲೆಯವರು ವಾಷಿಂಗ್ಟನ್‌ಗೆ ಹೋಗಬೇಕಿಲ್ಲ, ನವಲಗುಂದಕ್ಕೆ ಹೋದರೆ ಸಾಕು. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಹೇರಿದ ಬೆಟರ್‌ಮೆಂಟ್ ಲೆವಿಗೆ ಕಾನೂನಿನ ಮೂಲವೂ ಇತ್ತು, ಅಧಿಕಾರಿಗಳ ಸಹಿಯೂ ಇತ್ತು. ರೈತರ ಒಪ್ಪಿಗೆ ಇರಲಿಲ್ಲ. 1980ರ ಜುಲೈ 21ರಂದು ನವಲಗುಂದದಲ್ಲಿ ಗೋಲಿಬಾರ್ ಆಗಿ ರೈತನ ಹೆಣ ಬಿತ್ತು. ಚಳವಳಿ ರಾಜ್ಯವಿಡೀ ಹಬ್ಬಿತು. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರಕಾರ ಸೋತು, ಕರ್ನಾಟಕದಲ್ಲಿ ಮೊದಲ ಕಾಂಗ್ರೆಸ್ಸೇತರ ಸರಕಾರ ಬಂತು. ಆ ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೆ ನಮ್ಮ ಭಾಗದ ಹಿರಿಯರು ಇವತ್ತಿಗೂ ಅದರ ಲೆಕ್ಕವನ್ನು ನವಲಗುಂದದಿಂದಲೇ ಶುರು ಮಾಡುತ್ತಾರೆ.

ಹಾಗಾದರೆ ಸಹಿ ಹಾಕುವ ಕೈಗೆ ಏನೂ ಜವಾಬ್ದಾರಿ ಇಲ್ಲವೇ? ನಮ್ಮ ದೇಶದಲ್ಲಿ ರಾಷ್ಟ್ರಪತಿ ಸಲಹೆಯಂತೆ ನಡೆಯುವವರು ಎಂದು ಸುಮ್ಮನಾಗಬಹುದೇ? ಈ ಪ್ರಶ್ನೆಗೂ ನಮ್ಮ ಕುಂದಗೋಳಕ್ಕೂ ಒಂದು ನಂಟಿದೆ. ಸ್ವಾತಂತ್ರ್ಯಕ್ಕೆ ಮೊದಲು ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗುವ ಮೊದಲು ಅಲ್ಲಿನ ಆಡಳಿತದ ಹೊಣೆ ಹೊತ್ತವರು ಬಿ.ಡಿ. ಜತ್ತಿಯವರು. ಅದೇ ಜತ್ತಿಯವರು 1977ರಲ್ಲಿ ಹಂಗಾಮಿ ರಾಷ್ಟ್ರಪತಿಗಳಾಗಿದ್ದರು. ಲೋಕಸಭೆ ಗೆದ್ದ ಜನತಾ ಸರಕಾರ ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ಒಮ್ಮೆಲೇ ವಿಸರ್ಜಿಸಲು ಹೊರಟಾಗ ಜತ್ತಿಯವರ ಕೈ ಹಿಂಜರಿಯಿತು. ಕಡೆಗೆ ಏಪ್ರಿಲ್ 30ರಂದು ಸಹಿ ಹಾಕಿದರು. ಹಿಂಜರಿದದ್ದಕ್ಕೆ ಒಂದು ಬಣದಿಂದ ಟೀಕೆ ಬಂತು, ಹಾಕಿದ್ದಕ್ಕೆ ಇನ್ನೊಂದು ಬಣದಿಂದ ಬಂತು.

ಅದಕ್ಕೆ ಎರಡು ವರ್ಷ ಮೊದಲು, 1975ರ ಜೂನ್ 25ರ ರಾತ್ರಿ, ಫಕ್ರುದ್ದೀನ್ ಅಲಿ ಅಹ್ಮದ್ ಅವರ ಕೈ ಹಿಂಜರಿಯಲಿಲ್ಲ. ಮಂತ್ರಿಮಂಡಲ ಸೇರಿರಲೇ ಇಲ್ಲ; ಪ್ರಧಾನಿಯ ಪತ್ರದ ಮೇಲೆ ತುರ್ತು ಪರಿಸ್ಥಿತಿಗೆ ಸಹಿ ಬಿತ್ತು. ಮಂತ್ರಿಗಳಿಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ. ಇನ್ನು ಮೇಲೆ ಮಂತ್ರಿಮಂಡಲದ ತೀರ್ಮಾನ ಬರಹದಲ್ಲಿ ಬರಬೇಕು ಎಂಬ ಬೇಲಿಯನ್ನು 1978ರ 44ನೇ ತಿದ್ದುಪಡಿ ಹಾಕಬೇಕಾಯಿತು. ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ತಿರುಗಿ ಕಳಿಸುವ ಅಧಿಕಾರವನ್ನೂ ಅದೇ ತಿದ್ದುಪಡಿ ರಾಷ್ಟ್ರಪತಿಗೆ ಕೊಟ್ಟಿತು. ಕೆ.ಆರ್. ನಾರಾಯಣನ್ ಅದನ್ನು ಬಳಸಿದರು. 1997ರಲ್ಲಿ ಉತ್ತರ ಪ್ರದೇಶದ, 1998ರಲ್ಲಿ ಬಿಹಾರದ ಸರಕಾರ ವಜಾ ಮಾಡುವ ಸಲಹೆಗಳನ್ನು ಹಿಂದಿರುಗಿಸಿದರು. ಒಂದನ್ನು ಕಳಿಸಿದ್ದು ಗುಜ್ರಾಲ್ ಸರಕಾರ, ಇನ್ನೊಂದನ್ನು ವಾಜಪೇಯಿ ಸರಕಾರ. ಅಳತೆಗೋಲು ಎರಡಕ್ಕೂ ಒಂದೇ ಆಗಿತ್ತು. 2005ರಲ್ಲಿ ಬಿಹಾರ ವಿಧಾನಸಭೆಯ ವಿಸರ್ಜನೆಯ ಕಾಗದ ಮಾಸ್ಕೋದಲ್ಲಿದ್ದ ಎ.ಪಿ.ಜೆ. ಅಬ್ದುಲ್ ಕಲಾಂ ಅವರಿಗೆ ತಲುಪಿತು, ಅವರು ಸಹಿ ಹಾಕಿದರು. ಸುಪ್ರೀಂ ಕೋರ್ಟು ಆ ವಿಸರ್ಜನೆ ಸಂವಿಧಾನಬಾಹಿರ ಎಂದಾಗ ರಾಜೀನಾಮೆ ಕೊಡುವ ಯೋಚನೆ ತಮಗೆ ಬಂದಿತ್ತೆಂದು ಅವರೇ ಆಮೇಲೆ ಬರೆದುಕೊಂಡರು. ನಮ್ಮ ಸಮುದಾಯದವರೊಬ್ಬರು ಆ ಕುರ್ಚಿಯಲ್ಲಿದ್ದಾರೆಂದು ನಾವು ಹೆಮ್ಮೆ ಪಡುತ್ತೇವೆ, ಅದು ಸಹಜ. ಆದರೆ ಹೆಸರು ಯಾರದೇ ಇರಲಿ, ಎಣಿಸದೆ ಹಾಕಿದ ಸಹಿ ಎಣಿಸದೆ ಹಾಕಿದ ಸಹಿಯೇ.

ಮತ್ತೆ ಬೊಮ್ಮಾಯಿಯವರ ಕಡೆ ಬರೋಣ. ಅವರು ಸುಮ್ಮನೆ ಮನೆಗೆ ಹೋಗಲಿಲ್ಲ. ಏಪ್ರಿಲ್ 26ರಂದೇ ಕರ್ನಾಟಕ ಹೈಕೋರ್ಟಿಗೆ ಹೋದರು. ಅಲ್ಲಿ ಸೋತರು. ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂತು. ಸರಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಎಂಬುದು ರಾಜಭವನದಲ್ಲಿ ತೀರ್ಮಾನವಾಗುವಂಥದ್ದಲ್ಲ, ಸದನದಲ್ಲಿ ಆಗಬೇಕು. ರಾಷ್ಟ್ರಪತಿಯ ಮನವರಿಕೆಗೆ ಆಧಾರವಿತ್ತೇ, ಆ ಆಧಾರ ಪ್ರಸ್ತುತವಾಗಿತ್ತೇ ಎಂದು ಕೋರ್ಟು ನೋಡಬಹುದು. ಸಂಸತ್ತಿನ ಎರಡೂ ಸದನಗಳು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ಅಮಾನತಿನಲ್ಲಿ ಇಡಬಹುದು ಅಷ್ಟೆ. ತಪ್ಪಾಗಿದ್ದರೆ ಸರಕಾರವನ್ನು ಮತ್ತೆ ಕೂರಿಸಲೂ ಬಹುದು. ಕರ್ನಾಟಕದ ಜೊತೆಗೆ ನಾಗಾಲ್ಯಾಂಡ್ ಮತ್ತು ಮೇಘಾಲಯದ ಘೋಷಣೆಗಳೂ ಸಂವಿಧಾನಬಾಹಿರ ಎಂದಾಯಿತು. ಮರುದಿನ ಪೇಪರ್ ಓದಿ ಹೇಳಿದಾಗ ಅಪ್ಪ, "ಎಣಿಸಬೇಕಿತ್ತು ಅಂದ್ರಂತೇನು?" ಎಂದು ಮಾತ್ರ ಕೇಳಿ ಹೊಲಿಗೆ ಮುಂದುವರಿಸಿದರು.

ಅದೇ ತೀರ್ಪಿನಲ್ಲಿ ಇನ್ನೊಂದು ಭಾಗವಿದೆ. ಅದು ನಮ್ಮಂಥವರಿಗೆ ಹೆಚ್ಚು ತಾಕುವಂಥದ್ದು. 1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ಕೆಡವಿದ ಮೇಲೆ, 15ರಂದು ಮಧ್ಯಪ್ರದೇಶ, ರಾಜಸ್ಥಾನ ಮತ್ತು ಹಿಮಾಚಲ ಪ್ರದೇಶದ ಬಿಜೆಪಿ ಸರಕಾರಗಳನ್ನು ಕೇಂದ್ರ ವಜಾ ಮಾಡಿತ್ತು. ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದು, ಅದಕ್ಕೆ ವಿರುದ್ಧ ನಡೆಯುವ ರಾಜ್ಯ ಸರಕಾರದ ಮೇಲೆ 356ನೇ ವಿಧಿ ಬಳಸಬಹುದು ಎಂದು ಹೇಳಿ ಕೋರ್ಟು ಆ ಮೂರೂ ವಜಾಗಳನ್ನು ಎತ್ತಿಹಿಡಿಯಿತು. ಸುಳ್ಳು ಹೇಳಬಾರದು. 1992ರ ಆ ಡಿಸೆಂಬರ್‌ನಲ್ಲಿ, ಹುಬ್ಬಳ್ಳಿಗೆ ಹೋಗಿ ಬರಲೂ ಅಪ್ಪ ನಮ್ಮನ್ನು ಬಿಡದಿದ್ದ ಆ ದಿನಗಳಲ್ಲಿ, ಮೂರು ಸರಕಾರ ಹೋದ ಸುದ್ದಿ ಕೇಳಿ ನಮಗೆ ಸಮಾಧಾನವಾಗಿತ್ತು. ಯಾರೋ ನಮ್ಮ ಪರವಾಗಿ ಸಹಿ ಹಾಕಿದರು ಎನ್ನಿಸಿತ್ತು. ಬೊಮ್ಮಾಯಿಯವರನ್ನು ತೆಗೆದಾಗ ಅನ್ಯಾಯವೆನಿಸಿದ ಅದೇ ವಿಧಿ ಆಗ ನ್ಯಾಯವೆನಿಸಿತ್ತು.

ಜಾತ್ಯತೀತತೆಯ ಬಗ್ಗೆ ಕೋರ್ಟು ಹೇಳಿದ ಮಾತು ಸಣ್ಣದಲ್ಲ, ಅದು ಈ ದೇಶದ ದುರ್ಬಲರೆಲ್ಲರ ಆಸ್ತಿ. ಆದರೆ ಅಪ್ಪನ ಪ್ರಶ್ನೆಯನ್ನು ನಾವು 1989ರಲ್ಲಿ ಕೇಳಿ 1992ರಲ್ಲಿ ಮರೆಯುವಂತಿಲ್ಲ. ಬಹುಮತವಿದ್ದ ಸರಕಾರವನ್ನು ತೆಗೆಯಲು ಕೊಟ್ಟ ಆಧಾರ ಗಟ್ಟಿಯಿತ್ತೇ, ಅದನ್ನು ಎಲ್ಲರೆದುರು ಇಟ್ಟು ಪರೀಕ್ಷಿಸಲಾಯಿತೇ ಎಂದು ಅಲ್ಲಿಯೂ ಕೇಳಬೇಕು. ಕೋರ್ಟು ಹಾಗೆ ಕೇಳಿಯೇ ಉತ್ತರ ಕೊಟ್ಟಿತು. ನಾವು ಕೇಳಿರಲೇ ಇಲ್ಲ. ಮೆಚ್ಚಿನ ಕೈಯಲ್ಲಿದ್ದಾಗ ಲೆಕ್ಕ ಕೇಳದ ಅಧಿಕಾರ, ನಾಳೆ ಮೆಚ್ಚದ ಕೈಗೆ ಹೋದಾಗ ಯಾವ ಬಾಯಿಂದ ಲೆಕ್ಕ ಕೇಳುವುದು?

ಗೆದ್ದ ಬೊಮ್ಮಾಯಿಯವರಿಗೆ ಆ ಕುರ್ಚಿ ತಿರುಗಿ ಸಿಗಲಿಲ್ಲ. 1989ರ ನವೆಂಬರ್‌ನಲ್ಲೇ ಚುನಾವಣೆ ನಡೆದು ವೀರೇಂದ್ರ ಪಾಟೀಲರ ಸರಕಾರ ಬಂದಿತ್ತು. 2007ರ ಅಕ್ಟೋಬರ್ 9ರಂದು ಕರ್ನಾಟಕದಲ್ಲಿ ಮತ್ತೆ ರಾಷ್ಟ್ರಪತಿ ಆಳ್ವಿಕೆ ಬಂತು. ಮರುದಿನ, 10ರಂದು, ಬೊಮ್ಮಾಯಿಯವರು ತೀರಿಕೊಂಡರು. ಆ ಸಲ ವಿಧಾನಸಭೆಯನ್ನು ಕೂಡಲೇ ವಿಸರ್ಜಿಸದೆ ಅಮಾನತಿನಲ್ಲಿ ಇಡಲಾಗಿತ್ತು. ತಿಂಗಳ ನಂತರ ಅದೇ ಸಭೆಗೆ ಜೀವ ಬಂತು. 2018ರ ಮೇ ತಿಂಗಳಲ್ಲಿ ಬಹುಮತ ತೋರಿಸಲು ರಾಜ್ಯಪಾಲರು ಬಿ.ಎಸ್. ಯಡಿಯೂರಪ್ಪನವರಿಗೆ ಹದಿನೈದು ದಿನ ಕೊಟ್ಟಾಗ, ಸುಪ್ರೀಂ ಕೋರ್ಟು ನಡುರಾತ್ರಿ ವಿಚಾರಣೆಗೆ ಕುಳಿತು, ಆಮೇಲೆ 19ರಂದೇ ಸದನದಲ್ಲಿ ಎಣಿಸಿ ಎಂದಿತು. ಎಣಿಕೆಗೆ ಮೊದಲೇ ಅವರು ರಾಜೀನಾಮೆ ಕೊಟ್ಟರು. ಎಣಿಸುತ್ತಾರೆ ಎಂದು ಗೊತ್ತಾದರೆ ಸಾಕು, ಎಷ್ಟೋ ಸಲ ಎಣಿಸುವ ಪ್ರಸಂಗವೇ ಬರುವುದಿಲ್ಲ.

ಅದರ ಮರು ತಿಂಗಳು, 2018ರ ಜೂನ್ 26ರಂದು, ಅಮೆರಿಕದ ಸುಪ್ರೀಂ ಕೋರ್ಟು ಟ್ರಂಪ್ ಅವರ ಪ್ರವೇಶ ನಿಷೇಧದ ಮೂರನೆಯ ಆವೃತ್ತಿಯನ್ನು ಐದು ನಾಲ್ಕರ ಅಂತರದಿಂದ ಎತ್ತಿಹಿಡಿಯಿತು. ಆಧಾರ ಅವರ ಇಚ್ಛೆಯಲ್ಲ, 1952ರಲ್ಲಿ ಅಮೆರಿಕದ ಸಂಸತ್ತೇ ಮಾಡಿದ ವಲಸೆ ಕಾನೂನು. ಯಾವುದೇ ವರ್ಗದ ಪರದೇಶಿಗಳ ಪ್ರವೇಶ ತಡೆಯುವ ಅಧಿಕಾರವನ್ನು ಆ ಕಾನೂನು ಅಧ್ಯಕ್ಷರ ಕೈಗೆ ಕೊಟ್ಟಿತ್ತು. 2021ರ ಜನವರಿ 20ರಂದು ಬೈಡನ್ ಅವರು ಒಂದು ಸಹಿಯಿಂದ ಆ ನಿಷೇಧ ತೆಗೆದರು. 2025ರ ಜೂನ್‌ನಲ್ಲಿ ಟ್ರಂಪ್ ಅವರು ಇನ್ನೊಂದು ಸಹಿಯಿಂದ ಹನ್ನೆರಡು ದೇಶಗಳ ಮೇಲೆ ಹೊಸ ನಿಷೇಧ ಹೇರಿದರು. ಬೈಡನ್ ಸಹಿಗೆ ನಾವು ಖುಷಿಪಟ್ಟಿದ್ದೆವು. ಕಾನೂನಿನಲ್ಲಿದ್ದ ಬಾಗಿಲು ಹಾಗೇ ತೆರೆದೇ ಇತ್ತು ಎಂಬುದನ್ನು ಆಗ ನೋಡಲಿಲ್ಲ. ಅಕ್ಕನ ಮಗನ ಪ್ರಶ್ನೆಗೆ ಈಗ ನಮ್ಮಲ್ಲಿರುವ ಉತ್ತರ ಇದು: ಸಹಿಯ ಬಲ ಆ ಮನುಷ್ಯನದಲ್ಲ. ಎಂದೋ ಯಾರೋ ಬರೆದುಕೊಟ್ಟದ್ದು, ಆಮೇಲೆ ಯಾರೂ ಲೆಕ್ಕ ಕೇಳದೆ ಬಿಟ್ಟದ್ದು, ಎರಡೂ ಸೇರಿ ಆ ಬಲ ಆಗಿದೆ.

ಅಪ್ಪ ಈಗ ಇಲ್ಲ. ಪಡಸಾಲೆಯಲ್ಲಿ ಗಾದಿಗಳೂ ಇಲ್ಲ. ಊರಿನವರು ಹುಬ್ಬಳ್ಳಿಯಿಂದ ಫೋಮ್ ಗಾದಿ ತರುತ್ತಾರೆ. ಮಸೀದಿ ಕಮಿಟಿಯ ಠರಾವು ಪುಸ್ತಕದಲ್ಲಿ ಪ್ರತಿ ತೀರ್ಮಾನದ ಕೆಳಗೆ ಪರ ಎಷ್ಟು, ವಿರೋಧ ಎಷ್ಟು ಎಂದು ಬರೆದ ಮೇಲೆಯೇ ಅಧ್ಯಕ್ಷರ ಸಹಿ ಬೀಳಬೇಕೆಂಬ ಪದ್ಧತಿ 2004ರ ಆ ಸಭೆಯಿಂದ ಶುರುವಾಯಿತು. ನಾವು ಅಧ್ಯಕ್ಷ ಸ್ಥಾನ ಬಿಟ್ಟ ಮೇಲೂ ಅದು ಮುಂದುವರಿದಿದೆ. ಕೆಲವು ಪುಟಗಳಲ್ಲಿ ಅಧ್ಯಕ್ಷರು ಸೋತ ಲೆಕ್ಕವೂ ಇದೆ.

ಓದುಗರಲ್ಲಿ ನಮ್ಮ ಕೋರಿಕೆ ಇಷ್ಟೆ. ದಿಲ್ಲಿಯಿಂದಲೋ ವಾಷಿಂಗ್ಟನ್‌ನಿಂದಲೋ ನಿಮ್ಮದೇ ಊರಿನ ಕಮಿಟಿಯಿಂದಲೋ ಒಂದು ಸಹಿಯ ಸುದ್ದಿ ಬಂದಾಗ, ಅದು ನಿಮಗೆ ಹಿಡಿಸಿದ ಸಹಿಯೇ ಆಗಿದ್ದರೂ, ನಮ್ಮ ಅಪ್ಪನ ಎರಡು ಪ್ರಶ್ನೆಗಳನ್ನು ಒಮ್ಮೆ ಕೇಳಿ ನೋಡಿ. ಮಾಡಬಹುದು ಅಂತ ಎಲ್ಲಿ ಬರದೈತಿ? ಕರದು ಎಣಿಸಿದ್ರೇನು?